ಅಲ್ಲಿ ಕಾನೂನು ವಾಪಸ್ ತೆಗೆದರು, ಇಲ್ಲಿ ಕಾನೂನು ಇದ್ದೂ ಇಲ್ಲ: ಗುಟ್ಕಾ, ಸಿಗರೇಟು, ವೇಪ್

ತುಂಗೆ_ದಡ (ತೀರ್ಥಹಳ್ಳಿ)

ನ್ಯೂಜಿಲ್ಯಾಂಡ್ ಸರ್ಕಾರ ತನ್ನ ದೇಶದ ಸಿಗರೇಟು ಕಾನೂನನ್ನು ತಾನೇ ರದ್ದು ಮಾಡಿದ ವಿಷಯ ಇಲ್ಲಿ ಬಂದಾಗ ಸುಮಾರು ಜನ ನಕ್ಕಿದ್ದರು. "ಅವರಿಗಿಂತ ನಾವೇ ವಾಸಿ. ನಮ್ಮಲ್ಲಿ ಗುಟ್ಕಾ ಬ್ಯಾನ್, ವೇಪ್ ಬ್ಯಾನ್, ಹುಕ್ಕಾ ಬ್ಯಾನ್" ಅಂತ ಒಬ್ಬರು ಬರೆದಿದ್ದರು. ಅದಕ್ಕೆ ಉತ್ತರ ಬರೆಯಲು ಹೋಗಿ ಉದ್ದವಾಯಿತು. ಹಾಗಾಗಿ ಬೇರೆಯೇ ಚರ್ಚೆ ಶುರು ಮಾಡುತ್ತಿದ್ದೇನೆ.

ಕಾನೂನು ಪುಸ್ತಕದಲ್ಲಿ ನಾವು ವಾಸಿಯೇ, ಒಪ್ಪಿದೆ. 2013ರ ಮೇ ಕೊನೆಯಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ವೇಪ್ ಅಂದರೆ ಇ-ಸಿಗರೇಟು, ಅದನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿತು. ಕೇಂದ್ರ ಸರ್ಕಾರ 2019ರಲ್ಲಿ ಇಡೀ ದೇಶಕ್ಕೆ ಕಾಯ್ದೆ ತಂದಿತು. 2024ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ 2003ರ ಕೇಂದ್ರ ತಂಬಾಕು ಕಾಯ್ದೆಗೆ ತಿದ್ದುಪಡಿ ಪಾಸು ಮಾಡಿತು. ರಾಷ್ಟ್ರಪತಿ ಅಂಕಿತ ಬಿದ್ದು 2025ರ ಮೇ ಕೊನೆಗೆ ಅದು ಜಾರಿಗೆ ಬಂತು. 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಶಾಲೆ ಕಾಲೇಜಿನ 100 ಮೀಟರ್ ಒಳಗೆ ಮಾರುವಂತಿಲ್ಲ. ಬಿಡಿ ಸಿಗರೇಟು ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ, ಜಗಿದು ಉಗಿದರೆ ದಂಡ 200 ಇದ್ದದ್ದು ಸಾವಿರದವರೆಗೆ ಏರಿತು. ಹುಕ್ಕಾ ಬಾರ್ ನಡೆಸಿದರೆ ಜೈಲು.

ಈಗ ತೀರ್ಥಹಳ್ಳಿ ಬಿಟ್ಟು ಶಿವಮೊಗ್ಗ ದಾರಿ ಹಿಡಿಯಿರಿ. ಮಂಡಗದ್ದೆ, ಸಕ್ರೆಬೈಲು, ಗಾಜನೂರು, ಎಲ್ಲಾದರೂ ನಿಲ್ಲಿಸಿ. ಅಂಗಡಿ ಮುಂದೆ ಪ್ಯಾಕೆಟ್ಟಿನ ಎರಡು ಸರ ತೂಗುತ್ತಿರುತ್ತವೆ. ಒಂದು ಪಾನ್ ಮಸಾಲಾ, ಪಕ್ಕದ್ದು ತಂಬಾಕು. ಗಿರಾಕಿ ಬಾಯಿ ಬಿಡುವುದೂ ಬೇಡ, ಅಂಗಡಿಯವರು ಎರಡರಿಂದ ಒಂದೊಂದು ಹರಿದು ಕೊಡುತ್ತಾರೆ. ಇವನು ಒಂದರ ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಅದರೊಳಗೆ ಸುರಿದು, ನಾಲ್ಕು ಸಲ ಕುಲುಕಿ ಬಾಯಿಗೆ ಹಾಕುತ್ತಾನೆ. 2013ರಲ್ಲಿ ನಿಷೇಧವಾದದ್ದು ಇದೇ ಅಲ್ವಾ? ಕಾರ್ಖಾನೆಯಲ್ಲಿ ಬೆರೆಸುತ್ತಿದ್ದದ್ದನ್ನು ಈಗ ಬೈಕ್ ಮೇಲೆ ಕೂತು ಬೆರೆಸುತ್ತಾರೆ. ಈ ಜೋಡಿ ಪ್ಯಾಕೆಟ್ ಆಟ ನಿಲ್ಲಿಸಿ ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ರಾಜ್ಯಗಳಿಗೆ ಹೇಳಿತ್ತು. ಯಾರು ಕೇಳಿದರು?

ನನ್ನ ಸಿಟ್ಟು ಇಲ್ಲಿದೆ. ನ್ಯೂಜಿಲ್ಯಾಂಡಿನವರು ಸದನದಲ್ಲಿ ಮತ ಹಾಕಿ ವಾಪಸ್ ತೆಗೆದರು. ಯಾರು ಪರ, ಯಾರು ವಿರೋಧ ಅಂತ ದಾಖಲೆ ಇದೆ. ವೋಟು ಕೇಳಲು ಬಂದಾಗ ನಿಲ್ಲಿಸಿ ಕೇಳಬಹುದು. ನಮ್ಮಲ್ಲಿ ಯಾರೂ ವಾಪಸ್ ತೆಗೆಯಲಿಲ್ಲ. ಕಾನೂನು ಬೀದಿಗೆ ಬರುವ ಹೊತ್ತಿಗೆ ಕರಗಿಹೋಯಿತು. ಯಾರ ಸಹಿಯೂ ಇಲ್ಲ. ಯಾರ ಕೊರಳಪಟ್ಟಿ ಹಿಡಿಯೋಣ?

ನಿಮ್ಮ ಊರಲ್ಲಿ ಹೇಗಿದೆ ಬರೆಯಿರಿ. "ಎಲ್ಲ ಕಡೆ ಇದೇ ಕಥೆ" ಅಂತ ಸುಮ್ನೆ ಬೇಡ. ಕಣ್ಣಲ್ಲಿ ಕಂಡದ್ದು ಬರೆಯಿರಿ.

ಮುಂಗಾರು_ಮೋಡ (ಹೊಸನಗರ)

ನಮ್ಮಲ್ಲಿ ಶಾಲೆ ಹೊರಗೆ ರಸ್ತೆ ಮೇಲೆ ಹಳದಿ ಗೆರೆ ಎಳೆದಿದ್ದರು, "ಇಲ್ಲಿಂದ ಒಳಗೆ ತಂಬಾಕು ಮುಕ್ತ" ಅಂತ. ಗೆರೆಯಿಂದ ಆಚೆ ಎರಡು ಹೆಜ್ಜೆಗೆ ಅಂಗಡಿ. ಒಂದು ಮಳೆಗಾಲಕ್ಕೆ ಗೆರೆ ಹೋಯಿತು. ಅಂಗಡಿ ಎರಡಾಯಿತು.

ಕೊಪ್ಪದಿಂದ_ಹ್ಯಾಮಿಲ್ಟನ್

ತುಂಗೆ ದಡದವರೇ, ನಾನು ಇರುವುದು ನ್ಯೂಜಿಲ್ಯಾಂಡಿನಲ್ಲೇ. ಹುಟ್ಟೂರು ಕೊಪ್ಪ. "ಅವರದು ದಾಖಲೆ ಇದೆ" ಅಂತ ನೀವು ಹೊಗಳಿದ ಹಾಗೆ ಕಂಡಿತು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

2022ರ ಡಿಸೆಂಬರ್‌ನಲ್ಲಿ ಇಲ್ಲಿ ಪಾಸಾದ ಕಾನೂನಿನಲ್ಲಿ ಮೂರು ಗಟ್ಟಿ ಅಂಶ ಇದ್ದವು. 2009ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರಿಗೆ ಜೀವಮಾನದಲ್ಲಿ ಯಾವತ್ತೂ ಸಿಗರೇಟು ಮಾರುವಂತಿಲ್ಲ. ಸಿಗರೇಟು ಮಾರುವ ಅಂಗಡಿಗಳು ದೇಶದಲ್ಲಿ ಸುಮಾರು 6,000 ಇದ್ದದ್ದು 600ಕ್ಕೆ ಇಳಿಯಬೇಕು. ಮೂರನೆಯದು ನಿಕೋಟಿನ್. ಸಿಗರೇಟಿನಲ್ಲಿ ಅದನ್ನು ಚಟ ಹಿಡಿಯದಷ್ಟು ಕಡಿಮೆ ಮಾಡಬೇಕು. ಕೊನೆಯದೇ ಎಲ್ಲಕ್ಕಿಂತ ದೊಡ್ಡದು ಅಂತ ಇಲ್ಲಿನ ಆರೋಗ್ಯದವರು ಹೇಳುತ್ತಿದ್ದರು.

2023ರ ಅಕ್ಟೋಬರ್‌ನಲ್ಲಿ ಚುನಾವಣೆ. ಮೂರು ಪಕ್ಷ ಸೇರಿ ಸರ್ಕಾರ ಮಾಡಿದವು. ಅವರ ಒಪ್ಪಂದದ ಪತ್ರದಲ್ಲೇ ಈ ಕಾನೂನು ತೆಗೆಯುವ ಮಾತು ಇತ್ತು. ಜನರಿಗೆ ಹೆಚ್ಚು ಉರಿದದ್ದು ಹಣಕಾಸು ಸಚಿವೆಯ ಮಾತಿಗೆ. ಸಿಗರೇಟಿನಿಂದ ಬರುವ ತೆರಿಗೆ ತಮ್ಮ ತೆರಿಗೆ ಕಡಿತಕ್ಕೆ ಒದಗುತ್ತದೆ ಅನ್ನುವ ಅರ್ಥದಲ್ಲಿ ಅವರು ಮಾತಾಡಿದ್ದರು. 2024ರ ಫೆಬ್ರವರಿ ಕೊನೆಯಲ್ಲಿ ತುರ್ತು ಮಸೂದೆ ಅಂತ ತಂದು, ಜನರ ಅಹವಾಲು ಕೇಳುವ ಹಂತವನ್ನೇ ಬಿಟ್ಟು, ರದ್ದು ಮಾಡಿದರು. ಆ ಮೂರು ಅಂಶಗಳಲ್ಲಿ ಒಂದೂ ಜಾರಿಗೆ ಬಂದಿರಲಿಲ್ಲ, ಅಷ್ಟರಲ್ಲೇ ಕಾನೂನು ಹೋಯಿತು. ಇಲ್ಲಿನ ಮೂಲ ನಿವಾಸಿಗಳಾದ ಮಾವೋರಿಗಳಲ್ಲಿ ಸೇದುವವರು ಉಳಿದವರಿಗಿಂತ ತುಂಬಾ ಜಾಸ್ತಿ. ಕಾನೂನು ಬೇಕು ಅಂತ ವರ್ಷಗಟ್ಟಲೆ ಓಡಾಡಿದವರಲ್ಲಿ ಅವರೇ ಮುಂದೆ. ಪ್ರತಿಭಟನೆ ಆಯಿತು, ವೈದ್ಯರು, ನರ್ಸುಗಳು ಪತ್ರ ಬರೆದರು. ಏನೂ ಆಗಲಿಲ್ಲ. ಅದೇ ವರ್ಷ ಜುಲೈನಿಂದ ಬಿಸಿ ಮಾಡಿ ಸೇದುವ ತಂಬಾಕಿನ ಮೇಲಿನ ಸುಂಕವನ್ನೂ ಅರ್ಧ ಮಾಡಿದರು.

ಪೂರ್ತಿ ಕೈಬಿಟ್ಟರು ಅನ್ನುವುದೂ ತಪ್ಪಾಗುತ್ತದೆ. ಬಳಸಿ ಬಿಸಾಡುವ ವೇಪ್‌ಗಳನ್ನು 2025ರ ಜೂನ್‌ನಲ್ಲಿ ಇದೇ ಸರ್ಕಾರ ನಿಷೇಧಿಸಿತು. ಶಾಲಾ ಮಕ್ಕಳ ಕೈಗೆ ಅದು ಅಷ್ಟು ಹೋಗಿತ್ತು.

ಇನ್ನೊಂದು ಮಾತು, ನಮ್ಮವರಿಗೆ ಕಹಿ ಆಗಬಹುದು. ಇಲ್ಲಿನ ಬೀದಿ ಮೂಲೆಯ ಅಂಗಡಿಗಳಲ್ಲಿ ಬಹಳಷ್ಟು ಭಾರತದವರದೇ. ಆ 600ರ ಮಿತಿ ಅವರಿಗೆ ಬೇಡವಾಗಿತ್ತು. ನನ್ನ ಪರಿಚಯದ ಅಂಗಡಿಯವರು ಕಾನೂನು ಹೋದ ದಿನ ಸಿಹಿ ಹಂಚಿದರು. ನಾನೂ ತೆಗೆದುಕೊಂಡೆ.

ಸಹಿ ಇದೆ, ಹೌದು. ಅದರಿಂದ ನನಗೆ ಸಮಾಧಾನವೇನೂ ಸಿಗಲಿಲ್ಲ.

ಗೂಡಂಗಡಿ (ಶಿವಮೊಗ್ಗ)

ಅಂಗಡಿಯವರ ಮಾತು ಬಂತಲ್ಲ, ನಾನೇ ಹೇಳುತ್ತೇನೆ. ನನ್ನದು ಬಸ್ ಸ್ಟ್ಯಾಂಡ್ ಕಡೆ ಸಣ್ಣ ಅಂಗಡಿ. ಟೀ, ಬಾಳೆಹಣ್ಣು, ಬಿಸ್ಕತ್ತು, ಎಲೆ ಅಡಿಕೆ, ಸಿಗರೇಟು. ಬಿಡಿ ಸಿಗರೇಟು ಮಾರುತ್ತೇನೆ. ಸುಳ್ಳು ಯಾಕೆ ಹೇಳಲಿ? ಪ್ಯಾಕ್ ಕೇಳುವವರು ದಿನಕ್ಕೆ ಬೆರಳೆಣಿಕೆ. ಉಳಿದವರೆಲ್ಲ ಒಂದು, ಜಾಸ್ತಿ ಅಂದರೆ ಎರಡು. ಲೈಟರ್ ದಾರದಲ್ಲಿ ಕಟ್ಟಿಟ್ಟಿದ್ದೇನೆ. ನಾನು ಕೊಡಲ್ಲ ಅಂದರೆ ಹತ್ತು ಹೆಜ್ಜೆ ಆಚೆ ಇನ್ನೊಬ್ಬ ಕೊಡುತ್ತಾನೆ. ಅವನ ಹತ್ತಿರವೇ ಟೀ ಕುಡಿಯುತ್ತಾರೆ. ಸಿಗರೇಟಿನಲ್ಲಿ ಲಾಭ ಕಡಿಮೆ, ಆದರೆ ಗಿರಾಕಿಯನ್ನು ತರುವುದು ಅದೇ.

21 ವರ್ಷ ಅಂತೀರಿ. ಮೀಸೆ ಬಂದ ಹುಡುಗನ ಹತ್ತಿರ ಆಧಾರ್ ಕೇಳಲಾ? ಒಂದು ಸಲ ಕೇಳಿದ್ದಕ್ಕೆ "ನಿಮ್ಮ ಅಂಗಡಿ ಲೈಸೆನ್ಸ್ ತೋರಿಸಿ ಮೊದಲು" ಅಂದ.

ರೇಡ್ ಬರುತ್ತದೆ. ಬರಲ್ಲ ಅಂತಲ್ಲ. ಬಂದರೆ ನಮ್ಮ ಹತ್ತಿರ ಬರುತ್ತಾರೆ. ದಂಡದ ರಸೀದಿ ಹರಿಯುತ್ತಾರೆ, ಫೋಟೋ ತೆಗೆಯುತ್ತಾರೆ, ಸರ ಕಿತ್ತುಕೊಂಡು ಹೋಗುತ್ತಾರೆ. ಮಾರನೇ ದಿನ ಬೆಳಿಗ್ಗೆ ಮಾಲು ಹಾಕುವ ಬೈಕಿನವನು ಹೊಸ ಸರ ತಂದು ನೇತು ಹಾಕುತ್ತಾನೆ. ಆ ಬೈಕಿನವನಿಗೆ ಮಾಲು ಎಲ್ಲಿಂದ ಬಂತು? ಗೋದಾಮು ಎಲ್ಲಿದೆ? ಆಕಾಶದಿಂದ ಉದುರುತ್ತಾ? ಅಲ್ಲಿಗೆ ಯಾರೂ ಹೋದದ್ದು ನಾನು ನೋಡಿಲ್ಲ.

ವಕೀಲಿ_ಪುರಾಣ (ಸಾಗರ)

ಬಿಡಿ ಸಿಗರೇಟಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ, ಯಾರೂ ಹೇಳುವುದಿಲ್ಲ. ಪ್ಯಾಕಿನ ಮೇಲೆ ಶೇ. 85 ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕು ಅನ್ನುವ ನಿಯಮ 2016ರ ಏಪ್ರಿಲ್‌ನಿಂದ ಇದೆ. ಕಂಪನಿಗಳು ದೇಶದ ತುಂಬ ಕೇಸು ಹಾಕಿದವು. ಎಲ್ಲವನ್ನೂ ಸುಪ್ರೀಂ ಕೋರ್ಟ್ ನಮ್ಮ ಕರ್ನಾಟಕ ಹೈಕೋರ್ಟಿಗೇ ಕಳಿಸಿತು. 2017ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆ ನಿಯಮ ರದ್ದು ಮಾಡಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಹಾಗಾಗಿ ಚಿತ್ರ ಉಳಿದಿದೆ. ಇಷ್ಟೆಲ್ಲ ಹೋರಾಡಿ ಉಳಿಸಿಕೊಂಡ ಚಿತ್ರವನ್ನು ಬಿಡಿಯಾಗಿ ಕೊಳ್ಳುವವನು ನೋಡುವುದೇ ಇಲ್ಲ. ಪ್ಯಾಕು ಅಂಗಡಿಯವರ ಹಲಗೆ ಮೇಲೆ ಇರುತ್ತದೆ, ಅವನ ಕೈಗೆ ಬರುವುದು ಬಿಳೀ ಕಡ್ಡಿ ಮಾತ್ರ.

ವಾಪಸ್ ತೆಗೆಯುವುದಕ್ಕೆ ದೆಹಲಿಯಲ್ಲಿ ಇನ್ನೊಂದು ದಾರಿಯೂ ಇದೆ, ತರದೇ ಇರುವುದು. 2003ರ ಕೇಂದ್ರ ತಂಬಾಕು ಕಾಯ್ದೆಗೆ ತಿದ್ದುಪಡಿ ಕರಡು 2021ರ ಜನವರಿಯ ಹೊತ್ತಿಗೆ ಹೊರಬಂತು. 21 ವರ್ಷ, ಬಿಡಿ ಮಾರಾಟ ನಿಷೇಧ, ವಿಮಾನ ನಿಲ್ದಾಣದ ಸೇದುವ ಕೋಣೆ ಬಂದ್, ಎಲ್ಲ ಅದರಲ್ಲಿ ಇದ್ದವು. ಜನರ ಅಭಿಪ್ರಾಯ ಕೇಳಿದರು. ಅಂಗಡಿಕಾರರ ಸಂಘಗಳು ಎದ್ದು ನಿಂತವು. ಆ ಕರಡು ಸಂಸತ್ತಿನ ಮೆಟ್ಟಿಲು ಹತ್ತಲಿಲ್ಲ. ಕರ್ನಾಟಕ ಅದರಲ್ಲಿನ ಕೆಲವು ಅಂಶವನ್ನು ತಾನೇ ಮಾಡಿಕೊಂಡಿತು ಅನ್ನುವುದು ಮೆಚ್ಚಬೇಕಾದ್ದೇ.

ಅಡ್ಮಿನ್

ಪಕ್ಷದ ಹೆಸರು ಹಿಡಿದು ಬೈದ ಎರಡು ಕಾಮೆಂಟ್ ತೆಗೆದಿದ್ದೇನೆ. 2013ರಿಂದ ಇಲ್ಲಿಯವರೆಗೆ ಎಲ್ಲ ಪಕ್ಷದವರೂ ಆಳಿದ್ದಾರೆ. ಮುಂದುವರಿಸಿ.

ದಂತದ_ಡಾಕ್ಟ್ರಮ್ಮ (ಶಿವಮೊಗ್ಗ)

ನಾನು ದಂತವೈದ್ಯೆ. ನನ್ನ ಕುರ್ಚಿಯಲ್ಲಿ ಕೂತವರಿಗೆ ಮೊದಲು ಹೇಳುವುದು "ನಿಮ್ಮ ಮೂರು ಬೆರಳು ನೆಟ್ಟಗೆ ನಿಲ್ಲಿಸಿ ಬಾಯೊಳಗೆ ಇಟ್ಟು ತೋರಿಸಿ" ಅಂತ. ನೀವೂ ಈಗಲೇ ನೋಡಿ. ಸಾಮಾನ್ಯವಾಗಿ ಹೋಗುತ್ತದೆ. ಮಸಾಲಾ ಜಗಿಯುವ ಹುಡುಗರಿಗೆ ಎರಡು ಹೋಗುತ್ತದೆ. ಕೆಲವರಿಗೆ ಒಂದೇ. ಕೆನ್ನೆಯ ಒಳಭಾಗ ಮುಟ್ಟಿದರೆ ಹಳೇ ಚಪ್ಪಲಿಯ ಚರ್ಮದ ಹಾಗೆ ಬಿಗಿದುಕೊಂಡಿರುತ್ತದೆ, ಬಿಳಿಚಿಕೊಂಡಿರುತ್ತದೆ. ಸಾರಿನ ಖಾರ ತಡೆಯುವುದಿಲ್ಲ, ಮನೆಯಲ್ಲಿ ಮೊಸರನ್ನ ಕಲಸಿ ಕೊಡುತ್ತಾರೆ. ಅವರು ಬರುವುದು ಹಲ್ಲುನೋವಿಗೆ. ಬಾಯಿ ತೆರೆಯದಿದ್ದರೆ ಹಲ್ಲು ಕೀಳುವುದಾದರೂ ಹೇಗೆ?

ಇದಕ್ಕೆ ತಂಬಾಕೇ ಬೇಕಾಗಿಲ್ಲ. ಈ ಬಾಯಿ ಬಿಗಿತಕ್ಕೆ ಮುಖ್ಯ ಕಾರಣ ಅಡಿಕೆ. ಇಂಥ ಬಾಯಲ್ಲಿ ಮುಂದೆ ಕ್ಯಾನ್ಸರ್ ಬರುವ ಸಂಭವ ಜಾಸ್ತಿ. ನಮ್ಮ ಊರಲ್ಲಿ ಇದನ್ನು ಹೇಳಿದರೆ ಕಲ್ಲು ಬೀಳುತ್ತದೆ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ.

ಹೊಗೆಯ ಕಡೆಗೇ ಎಲ್ಲರ ಗಮನ. ಕರ್ನಾಟಕದ ಲೆಕ್ಕ ನೋಡಿ. 2016–17ರ ಸರ್ಕಾರಿ ಸಮೀಕ್ಷೆಯಲ್ಲಿ ಬೀಡಿ ಸಿಗರೇಟು ಸೇದುವ ವಯಸ್ಕರು ಶೇ. 8.8. ಜಗಿಯುವ ಹೊಗೆರಹಿತ ತಂಬಾಕು ಬಳಸುವವರು ಶೇ. 16.3. ಹತ್ತಿರ ಹತ್ತಿರ ದುಪ್ಪಟ್ಟು.

ರಾಶಿ_ಇಡಿ (ಸಾಗರ ತಾಲ್ಲೂಕು)

ಬಂತು ನೋಡಿ, ಕೊನೆಗೆ ಅಡಿಕೆ ಬುಡಕ್ಕೇ ಬಂತು. ಎಲ್ಲಿಂದ ಶುರುವಾದರೂ ಬಂದು ನಿಲ್ಲುವುದು ಬಡಪಾಯಿ ಬೆಳೆಗಾರನ ಅಂಗಳದಲ್ಲೇ.

ಮೇಡಂ, ನಮ್ಮ ಅಜ್ಜ ಎಂಬತ್ತರ ತನಕ ಕವಳ ಹಾಕಿದರು. ಎಲೆ, ಸುಣ್ಣ, ಒಂದು ಹೋಳು ಅಡಿಕೆ. ಊಟ ಆದ ಮೇಲೆ ಒಂದು, ಮಧ್ಯಾಹ್ನ ಮಲಗಿ ಎದ್ದ ಮೇಲೆ ಒಂದು. ಬಾಯಿ ಕೆಂಪಾಗಿತ್ತು, ಬಿಗಿದಿರಲಿಲ್ಲ. ಮದುವೆಗೆ ಕರೆಯುವಾಗ, ದೇವರ ಮುಂದೆ ಇಡುವಾಗ, ಯಾವ ಶುಭಕಾರ್ಯಕ್ಕೆ ಅಡಿಕೆ ಇಲ್ಲ ಹೇಳಿ. ಅದನ್ನು ವಿಷ ಅನ್ನುತ್ತೀರಲ್ಲ.

ಅಡಿಕೆ ಕೊನೆ ಕೊಯ್ಯುವವರು ಸಿಗುತ್ತಿಲ್ಲ. ಮಳೆ ಹಿಡಿದರೆ ಕೊಳೆ ರೋಗ. ಅದು ಸಾಲದು ಅಂತ ಈಗ ಎಲೆಚುಕ್ಕೆ. ಹೊಸನಗರ, ತೀರ್ಥಹಳ್ಳಿ ಕಡೆ ತೋಟಕ್ಕೆ ತೋಟವೇ ಒಣಗಿ ನಿಂತದ್ದು ನೋಡಿದ್ದೀರಾ? ಇದರ ನಡುವೆ "ಅಡಿಕೆಯಿಂದ ಕ್ಯಾನ್ಸರ್" ಅಂತ ಪೇಪರಿನಲ್ಲಿ ಬಂದ ದಿನ ಮಂಡಿಯಲ್ಲಿ ಮುಖ ನೋಡಬೇಕು. ಸಾಲದ ಕಂತು ಕಟ್ಟುವವರಿಗೆ ಎದೆ ಧಸಕ್ ಅನ್ನುತ್ತದೆ.

ಕಂಪನಿ ನಮ್ಮ ಅಡಿಕೆಗೆ ಏನೇನು ರಾಸಾಯನಿಕ, ಸುವಾಸನೆ ಬೆರೆಸುತ್ತದೋ ನಮಗೆ ಗೊತ್ತಾ? ಹೊರದೇಶದ ಕಳಪೆ ಮಾಲು ಕಳ್ಳದಾರಿಯಲ್ಲಿ ಬಂದು ಅದರಲ್ಲಿ ಸೇರುತ್ತದೆ. ಅದನ್ನು ಹಿಡಿಯಿರಿ. ಬೆಳೆದವನನ್ನು ಬಿಟ್ಟುಬಿಡಿ.

ದಂತದ_ಡಾಕ್ಟ್ರಮ್ಮ

ರಾಶಿ ಇಡಿಯವರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ನಮ್ಮ ಮನೆಯ ಖರ್ಚೂ ಅಡಿಕೆಯಿಂದಲೇ ನಡೆದದ್ದು. ನಾನು ಓದಿದ ಫೀಸು ಕೂಡ.

ಅಜ್ಜ ದಿನಕ್ಕೆ ಎರಡು ಮೂರು ಕವಳ ಹಾಕಿದ್ದು, ಒಣಪುಡಿಯ ಪ್ಯಾಕೆಟ್ಟನ್ನು ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ ಕೆನ್ನೆಯಲ್ಲಿ ಒತ್ತಿಕೊಂಡಿರುವುದು, ಎರಡೂ ಒಂದೇ ಅಂತ ನಾನೂ ಹೇಳುವುದಿಲ್ಲ. ಪ್ರಮಾಣ ಬೇರೆ, ವಯಸ್ಸು ಬೇರೆ. ಪ್ಯಾಕೆಟ್ ಬಂದ ಮೇಲೆ ಹದಿನಾರರ ಹುಡುಗರಿಗೂ ಹತ್ತಿತು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನೇ ಮೊದಲ ಗುಂಪಿಗೆ ಸೇರಿಸಿದೆ. ಮೊದಲ ಗುಂಪು ಅಂದರೆ ಮನುಷ್ಯನಿಗೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದದ್ದು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. "ರಾಸಾಯನಿಕದಿಂದ ಮಾತ್ರ" ಅಂತ ಹೇಳಲು ನನ್ನ ಓದು ಬಿಡುವುದಿಲ್ಲ.

ಕಾಲು_ಎಳೆಯೋ_ಕಪ್ಪೆ

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರೆ. ಇಲ್ಲಿ ಅಡಿಕೆಯದೇ ಮಾನ ಹೋಗುತ್ತಿದೆ, ಯಾರಾದರೂ ಸಕ್ರೆಬೈಲಿನ ಆನೆ ಬಿಡಾರದಿಂದ ಆನೆ ತನ್ನಿ ಮಾರಾಯ್ರೆ.

ತುಂಗೆ_ದಡ

ಕಪ್ಪೆಯವರ ತಮಾಷೆ ಇರಲಿ. ನಾನು ಹೇಳಲು ಹಿಂಜರಿಯುತ್ತಿದ್ದದ್ದು ಇದೇ ಜಾಗಕ್ಕೆ ಬಂತು.

ಈ ಜಿಲ್ಲೆಯಲ್ಲಿ ಗುಟ್ಕಾ ನಿಷೇಧ ಯಾಕೆ ಗಟ್ಟಿಯಾಗಿ ಜಾರಿಯಾಗಲಿಲ್ಲ? ಅಧಿಕಾರಿಗಳು ಸರಿಯಿಲ್ಲ ಅಂತ ಹೇಳಿ ಮುಗಿಸುವುದು ಸುಲಭ. 2013ರಲ್ಲಿ ಆದೇಶ ಬಂದಾಗ ಬೆಳೆಗಾರರ ಕಡೆಯಿಂದ ಎಷ್ಟು ವಿರೋಧ ಬಂತು ನೆನಪಿದೆ ಅಲ್ವಾ? ನಮ್ಮ ಮನೆಯಲ್ಲೂ ಅವತ್ತು ಅದೇ ಮಾತು. ದರ ಬಿದ್ದರೆ ಗತಿಯೇನು ಅಂತ. ಜೋಡಿ ಪ್ಯಾಕೆಟ್ ಬಂತು, ದರ ನಿಂತಿತು, ನಾವೆಲ್ಲ ಉಸಿರು ಬಿಟ್ಟೆವು. ಮಲೆನಾಡಿನಲ್ಲಿ ಯಾವ ರಾಜಕಾರಣಿಯೂ ಇದರ ಬಗ್ಗೆ ಮಾತಾಡಲ್ಲ. ಯಾಕೆಂದರೆ ನಾವು ಅವರನ್ನು ಕೇಳಲ್ಲ. ಕಾನೂನು ಕರಗಿದ್ದರಲ್ಲಿ ನಮ್ಮ ಮೌನದ್ದೂ ಪಾಲಿದೆ.

ರಾಶಿ ಇಡಿಯವರೇ, ಬೆಳೆದವರನ್ನು ಹಿಡಿಯಿರಿ ಅಂತ ಯಾರೂ ಹೇಳುತ್ತಿಲ್ಲ. ಆದರೆ ನಮ್ಮ ಬೆಳೆಯ ದೊಡ್ಡ ಪಾಲು ಯಾರ ಬಾಯಿಗೆ ಹೋಗುತ್ತಿದೆ ಅಂತ ಕೇಳಿಕೊಳ್ಳಬಾರದು ಅಂದರೆ ಹೇಗೆ?

ರಾಶಿ_ಇಡಿ

ಕೇಳಿಕೊಳ್ಳಿ. ಕೇಳಿಕೊಂಡ ಮೇಲೆ ನನ್ನ ಎರಡು ಎಕರೆಯಲ್ಲಿ ಬೇರೆ ಏನು ಹಾಕಬೇಕು ಅಂತಲೂ ಹೇಳಿ. ಕಾಳುಮೆಣಸು ಇದೆ, ಬಾಳೆ ಇದೆ. ಅಡಿಕೆ ಸಸಿ ಫಲ ಕೊಡಲು ಆರೇಳು ವರ್ಷ ಬೇಕು, ಕಡಿಯಲು ಒಂದು ಬೆಳಿಗ್ಗೆ ಸಾಕು. ಸರ್ಕಾರ ನಮಗೊಂದು ದಾರಿ ತೋರಿಸಿ ಆಮೇಲೆ ಕಾನೂನಿನ ಮಾತಾಡಲಿ.

ಒಂದು ಮಾತು ಒಪ್ಪುತ್ತೇನೆ. ನನ್ನ ಮಗ ಆ ಪ್ಯಾಕೆಟ್ ತಿಂದರೆ ಕೆನ್ನೆಗೆ ಬಾರಿಸುತ್ತೇನೆ.

ಪಿಯು_ಮೇಡಂ (ಸಾಗರ)

ನಮ್ಮೂರಿನ ವೇಪ್ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನಾನು ಪಿಯು ಉಪನ್ಯಾಸಕಿ. ಒಂದು ದಿನ ಬೆಂಚಿನ ಕೆಳಗೆ ತಿಳಿನೀಲಿ ಬಣ್ಣದ ಸಣ್ಣ ವಸ್ತು ಸಿಕ್ಕಿತು. ಪೆನ್‌ಡ್ರೈವ್ ಅಂದುಕೊಂಡು ಸ್ಟಾಫ್ ರೂಮಿನ ಮೇಜಿನ ಮೇಲೆ ಇಟ್ಟೆ. ಯಾರಾದರೂ ಕೇಳಿ ಬರಲಿ ಅಂತ. ಯಾರೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೇಜಿನ ಸುತ್ತ ಮಾವಿನಹಣ್ಣಿನ ಪರಿಮಳ. ನಮ್ಮ ಅಟೆಂಡರ್ ಅಣ್ಣ ನೋಡಿದವರೇ "ಮೇಡಂ, ಇದು ಹೊಗೆದು" ಅಂದರು. ತುದಿಯಲ್ಲಿ ಬಾಯಿಗಿಡುವ ಸಣ್ಣ ಸೀಳು ಇತ್ತು.

ಸಿಗರೇಟಾದರೆ ವಾಸನೆಯಿಂದ ಗೊತ್ತಾಗುತ್ತದೆ. ಇದು ಗೊತ್ತೇ ಆಗುವುದಿಲ್ಲ. ಪೋಷಕರ ಸಭೆಯಲ್ಲಿ ತೋರಿಸಿದರೆ ಅರ್ಧ ಜನ ಮಗನ ಚೀಲದಲ್ಲಿ ಇಂಥದ್ದು ನೋಡಿದ್ದೇವೆ, ಹೈಲೈಟರ್ ಇರಬೇಕು ಅಂದುಕೊಂಡಿದ್ದೆವು ಅಂದರು. 2019ರ ಕಾಯ್ದೆ ಪ್ರಕಾರ ಮಾರಿದವರಿಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ, ಐದು ಲಕ್ಷದವರೆಗೆ. ಇಷ್ಟು ಬಿಗಿ ಕಾನೂನು ಇಟ್ಟುಕೊಂಡು ಸಾಗರದ ಬೆಂಚಿನ ಕೆಳಗೆ ಇದು ಹೇಗೆ ಬಂತು? ಪೊಲೀಸರಿಗೆ ಹೇಳಿದೆ. "ಮಾರಿದವರು ಯಾರು ಅಂತ ಹೇಳಿ ಮೇಡಂ, ಹಿಡಿಯುತ್ತೇವೆ" ಅಂದರು. ಅದನ್ನೂ ನಾನೇ ಪತ್ತೆ ಹಚ್ಚಬೇಕಂತೆ.

ಹಾಸ್ಟೆಲ್_ಹುಡುಗ

ಮೇಡಂ, ಹೆಸರು ಹಾಕದೆ ಹೇಳುತ್ತೇನೆ, ಬೈಯಬೇಡಿ. ಇನ್‌ಸ್ಟಾಗ್ರಾಂನಲ್ಲಿ ಮೆಸೇಜ್ ಮಾಡಬೇಕು. ಯುಪಿಐ ಮಾಡಿದರೆ ಕೊರಿಯರ್‌ನಲ್ಲಿ ಬರುತ್ತದೆ, ಮೇಲೆ "ಮೊಬೈಲ್ ಬಿಡಿಭಾಗ" ಅಂತ ಬರೆದಿರುತ್ತದೆ. ಒಬ್ಬ ತರಿಸಿದರೆ ರೂಮಿನ ನಾಲ್ವರು ಸೇದುತ್ತಾರೆ. ಮಾರುವವನು ಯಾರು ಅಂತ ನಮಗೂ ಗೊತ್ತಿಲ್ಲ.

ಆದರೆ ನನ್ನದೂ ಒಂದು ಪ್ರಶ್ನೆ ಇದೆ. ಸಿಗರೇಟು ಪ್ರತಿ ಅಂಗಡಿಯಲ್ಲಿ ಸಿಗುತ್ತದೆ, ವೇಪ್ ಮಾತ್ರ ಪೂರ್ತಿ ಬ್ಯಾನ್. ಸಿಗರೇಟು ಬಿಡಲು ವೇಪ್ ಹಿಡಿದವರು ಹೊರದೇಶದಲ್ಲಿ ಇದ್ದಾರೆ. ಜಾಸ್ತಿ ಅಪಾಯದ್ದನ್ನು ಇಟ್ಟುಕೊಂಡು ಕಡಿಮೆ ಅಪಾಯದ್ದನ್ನು ತೆಗೆದದ್ದು ಯಾರಿಗೆ ಅನುಕೂಲ? ಇನ್ನೊಂದು, ನನಗೆ 20. ವೋಟು ಹಾಕಬಹುದು, ಗಾಡಿ ಓಡಿಸಬಹುದು. ಸಿಗರೇಟು ಕೊಳ್ಳುವ ಹಾಗಿಲ್ಲ ಅಂದರೆ ನಗು ಬರುತ್ತದೆ.

ಪಿಯು_ಮೇಡಂ

ಬೈಯಲ್ಲ ಪುಟ್ಟಾ. ಮೊದಲ ಪ್ರಶ್ನೆಯಲ್ಲಿ ಹುರುಳಿದೆ. ಸಿಗರೇಟನ್ನು ಮುಟ್ಟಲು ಸರ್ಕಾರಕ್ಕೆ ಧೈರ್ಯ ಇಲ್ಲ, ಅದು ನಿಜ. ಆದರೆ ನಿನ್ನ ರೂಮಿನ ನಾಲ್ವರಲ್ಲಿ ಸಿಗರೇಟು ಬಿಡಲು ವೇಪ್ ಹಿಡಿದವರು ಎಷ್ಟು ಜನ? ನನ್ನ ಕಾಲೇಜಿನ ಮಕ್ಕಳು ಅದಕ್ಕೂ ಮೊದಲು ಏನೂ ಸೇದುತ್ತಿರಲಿಲ್ಲ. ಮಾವಿನ ಪರಿಮಳ ಹಾಕಿದ್ದು ನಲವತ್ತರ ಗಂಡಸಿಗಲ್ಲ.

ಬಿಡಬೇಕು ಅನಿಸಿದರೆ 1800-11-2356ಕ್ಕೆ ಫೋನ್ ಮಾಡು. ಸರ್ಕಾರದ್ದೇ, ಪುಕ್ಕಟೆ. ಯಾರಿಗೂ ಹೆಸರು ಹೋಗಲ್ಲ.

ಭದ್ರಾವತಿ_ಅಕ್ಕ

ನಮ್ಮಮ್ಮ ಬೀಡಿ ಕಟ್ಟುತ್ತಿದ್ದರು. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಎಲೆ ಸರಿಯಿಲ್ಲ ಅಂತ ಒಂದು ಹಿಡಿ ಬದಿಗೆ ತಳ್ಳಿ ಅದರ ದುಡ್ಡು ಕಳೆಯುತ್ತಿದ್ದರು. ರಾತ್ರಿ ಮಲಗಿದರೂ ಕೈಯಿಂದ ಸೊಪ್ಪಿನ ಘಾಟು ಹೋಗುತ್ತಿರಲಿಲ್ಲ. ಒಂದೂ ಬೀಡಿ ಸೇದದ ಅಮ್ಮನಿಗೆ ಕೆಮ್ಮು.

2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟು, ಪಾನ್ ಮಸಾಲಾಕ್ಕೆ ಶೇ. 40 ಅಂತ ತೀರ್ಮಾನಿಸಿತು. ಅದೇ ಸಭೆಯಲ್ಲಿ ಬೀಡಿಯನ್ನು 28ರಿಂದ 18ಕ್ಕೆ ಇಳಿಸಿತು. ಕಟ್ಟುವವರಿಗೆ ಅನುಕೂಲ ಅಂತ ಎಲ್ಲರೂ ಹೇಳಿದರು. ಕೂಲಿ ಅದರಿಂದ ಏರಿದ್ದು ಯಾರಾದರೂ ಕಂಡಿದ್ದರೆ ಹೇಳಿ. ಬೀಡಿ ಸೇದುವವರು ಯಾರು? ಹಮಾಲಿ, ಗಾರೆ ಕೆಲಸದವರು, ತೋಟದ ಆಳು. ಬಡವನ ಶ್ವಾಸಕೋಶಕ್ಕೆ ರಿಯಾಯಿತಿ ಕೊಟ್ಟ ಹಾಗಾಯಿತು. ತುಂಗೆ ದಡದವರು ಸಹಿ ಎಲ್ಲಿದೆ ಅಂತ ಕೇಳಿದ್ದರಲ್ಲ. ಇದಕ್ಕೆ ಇದೆ ನೋಡಿ ಸಹಿ. ಎಲ್ಲ ರಾಜ್ಯಗಳ ಮಂತ್ರಿಗಳೂ ಕೂತ ಸಭೆ ಅದು.

ವಕೀಲಿ_ಪುರಾಣ

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ದೇಶದ ಅತಿ ದೊಡ್ಡ ಸಿಗರೇಟು ಕಂಪನಿಯಾದ ಐಟಿಸಿಯಲ್ಲಿ ಎಲ್‌ಐಸಿ ಇಟ್ಟಿರುವ ಪಾಲು ಶೇ. 15ರ ಆಸುಪಾಸು. ನಾವು ಕಟ್ಟುವ ವಿಮೆಯ ಕಂತು ಅಲ್ಲಿ ಕೂತಿದೆ. ಒಂದು ಕೈಯಲ್ಲಿ ಎಚ್ಚರಿಕೆಯ ಚಿತ್ರ, ಇನ್ನೊಂದು ಕೈಯಲ್ಲಿ ಲಾಭಾಂಶ.

ನಿವೃತ್ತ_ಇನ್‌ಸ್ಪೆಕ್ಟರು (ಶಿವಮೊಗ್ಗ)

ಆರೋಗ್ಯ ಇಲಾಖೆಯಲ್ಲಿ ಹಿರಿಯ ನಿರೀಕ್ಷಕನಾಗಿದ್ದೆ. ಒಳಗಿನ ವಿಷಯ ಹೇಳುತ್ತೇನೆ, ಯಾರ ಮೇಲೂ ದೂರಲ್ಲ.

ತಂಬಾಕು ಕಾಯ್ದೆಯಲ್ಲಿ ದಂಡ ಹಾಕುವ ಅಧಿಕಾರ ಬಹಳ ಇಲಾಖೆಗಳಿಗಿದೆ. ಪೊಲೀಸ್, ಆರೋಗ್ಯ, ಶಿಕ್ಷಣ, ಸ್ಥಳೀಯ ಸಂಸ್ಥೆ. ಎಲ್ಲರಿಗೂ ಇದೆ ಅಂದರೆ ಯಾರಿಗೂ ಇಲ್ಲ. ಜಿಲ್ಲಾ ತಂಬಾಕು ನಿಯಂತ್ರಣ ಕೋಶ ಅಂತ ಒಂದಿದೆ. ಗುತ್ತಿಗೆ ಮೇಲಿನ ಕೆಲವೇ ಸಿಬ್ಬಂದಿ, ಇಡೀ ಜಿಲ್ಲೆ. ಮೇ 31 ತಂಬಾಕು ರಹಿತ ದಿನ. ಅದರ ಹಿಂದೆ ಮುಂದೆ ದಾಳಿ ಜೋರು. ಎಷ್ಟು ಕೇಸು, ಎಷ್ಟು ದಂಡ ವಸೂಲಿ ಅಂತ ಮೇಲಿನವರಿಗೆ ಪಟ್ಟಿ ಹೋಗಬೇಕು. ಪಟ್ಟಿ ತುಂಬಲು ಗೂಡಂಗಡಿ ಸುಲಭ. ಗೂಡಂಗಡಿಯವರು ಬರೆದದ್ದು ಸರಿಯಿದೆ.

ಸಗಟು ಗೋದಾಮಿಗೆ ಹೋಗಬೇಕಾದರೆ ಆಹಾರ ಸುರಕ್ಷತೆಯವರು ಬೇಕು, ವಾಣಿಜ್ಯ ತೆರಿಗೆಯವರು ಬೇಕು, ಪೊಲೀಸರು ಬೇಕು. ಮೂವರನ್ನೂ ಒಂದೇ ಬೆಳಿಗ್ಗೆ ಒಂದೇ ಜೀಪಿನಲ್ಲಿ ಕೂರಿಸುವುದು ನನ್ನ ಸರ್ವೀಸಿನಲ್ಲಿ ಆಗಿದ್ದು ಅಪರೂಪ. ಪಾನ್ ಮಸಾಲಾ ಒಂದೇ ಇದ್ದರೆ ನಿಷೇಧಿತ ಅಲ್ಲ. ತಂಬಾಕು ಒಂದೇ ಇದ್ದರೂ ಅಲ್ಲ. ಗೋದಾಮಿನಲ್ಲಿ ಎರಡೂ ಬೇರೆ ಬೇರೆ ರಟ್ಟಿನ ಡಬ್ಬದಲ್ಲಿ ಇರುತ್ತವೆ. ಏನಂತ ಮಹಜರು ಬರೆಯಬೇಕು ಹೇಳಿ?

ಇನ್ನು ಬೋರ್ಡು. ತಂಬಾಕು ಮಾರುವ ಕಡೆ ವಯಸ್ಸಿನ ಬೋರ್ಡು ಹಾಕಬೇಕು. ನಮ್ಮ ಬೀದಿಯಲ್ಲಿ ನೋಡಿಕೊಂಡು ಬಂದೆ. ಇದ್ದ ಬೋರ್ಡುಗಳಲ್ಲಿ ಇನ್ನೂ 18 ಅಂತಲೇ ಇದೆ.

ತುಂಗೆ_ದಡ

ಸಾರ್, ನೀವು ಬರೆದದ್ದು ತುಂಬಾ ಉಪಯೋಗಕ್ಕೆ ಬಂತು. ಬೈದು ಸುಮ್ಮನಾಗುವುದು ಬೇಡ ಅಂತ ಮಾಹಿತಿ ಹಕ್ಕು ಅರ್ಜಿಯೊಂದನ್ನು ಬರೆದಿದ್ದೇನೆ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ. ಕೇಳಿರುವುದು ಇಷ್ಟು: ಹೊಸ ತಿದ್ದುಪಡಿ ಜಾರಿಯಾದ ಮೇಲೆ ಜಿಲ್ಲೆಯಲ್ಲಿ 21 ವರ್ಷದೊಳಗಿನವರಿಗೆ ಮಾರಿದ್ದಕ್ಕೆ ಎಷ್ಟು ಕೇಸು, ತಾಲ್ಲೂಕುವಾರು. ಬಿಡಿ ಸಿಗರೇಟಿಗೆ ಎಷ್ಟು. ಶಾಲೆ ಕಾಲೇಜಿನ 100 ಮೀಟರ್ ಒಳಗಿನ ಅಂಗಡಿಗಳ ಪಟ್ಟಿ ಇದೆಯಾ. ಇ-ಸಿಗರೇಟು ವಶಪಡಿಸಿಕೊಂಡದ್ದೆಷ್ಟು. ದಂಡದ ಹಣ ಯಾವ ಖಾತೆಗೆ ಹೋಯಿತು. ಕೋಶದಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು. ನೋಡಿ ತಿದ್ದಿ.

ವಕೀಲಿ_ಪುರಾಣ

ಹೀಗೆ ಹಾಕಿದರೆ ವಾಪಸ್ ಬರುತ್ತದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹುದ್ದೆಯ ಪ್ರಶ್ನೆ ಬೇರೆ ಅರ್ಜಿ ಮಾಡಿ. ವೇಪ್ ಪ್ರಶ್ನೆಯನ್ನು ಪೊಲೀಸ್ ವರಿಷ್ಠಾಧಿಕಾರಿ ಕಚೇರಿಗೆ ಕಳಿಸಿ. ಮೂರಕ್ಕೂ ಹತ್ತತ್ತು ರೂಪಾಯಿ ಶುಲ್ಕ. "ಇದೆಯಾ" ಅಂತ ಕೇಳಬೇಡಿ, "ಪಟ್ಟಿಯ ಪ್ರತಿ ಕೊಡಿ" ಅನ್ನಿ. 30 ದಿನದಲ್ಲಿ ಉತ್ತರ ಕೊಡಬೇಕು.

ಪಿಯು_ಮೇಡಂ

ವೇಪ್ ಅರ್ಜಿ ನನ್ನ ಹೆಸರಲ್ಲಿ ಹಾಕುತ್ತೇನೆ. ಸಾಗರದ್ದು ಬೇರೆ ಕೇಳಬೇಕು ನನಗೆ.

ಗೂಡಂಗಡಿ

ಅಣ್ಣ, ಅರ್ಜಿಯಲ್ಲಿ ಗೋದಾಮಿನ ಮಾತೇ ಇಲ್ಲವಲ್ಲ. ಸಗಟು ವ್ಯಾಪಾರಿಗಳ ಮೇಲೆ ಎಷ್ಟು ಕೇಸು, ಚಿಲ್ಲರೆ ಅಂಗಡಿ ಮೇಲೆ ಎಷ್ಟು, ಬೇರೆ ಬೇರೆ ಕೇಳಿ. ಒಟ್ಟಿಗೆ ಕೇಳಿದರೆ ಬರುವುದು ಬರೀ ನಮ್ಮ ಲೆಕ್ಕ.

ತುಂಗೆ_ದಡ

ಸೇರಿಸಿದೆ. ಸೋಮವಾರ ಹಾಕುತ್ತೇನೆ. ರಸೀದಿಯ ಫೋಟೋ ಇಲ್ಲೇ ಹಾಕುತ್ತೇನೆ. ರಾಶಿ ಇಡಿಯವರೇ, ನಿಮ್ಮ ಸಹಿಯೂ ಬೇಕು. ಆಗುತ್ತದಾ?

ರಾಶಿ_ಇಡಿ

ಆ 21 ವರ್ಷದ ಪ್ರಶ್ನೆಗೆ, ಶಾಲೆ ಹತ್ತಿರದ ಅಂಗಡಿ ಪ್ರಶ್ನೆಗೆ ಹಾಕುತ್ತೇನೆ. ಅಡಿಕೆ ಹೆಸರು ಎಲ್ಲಾದರೂ ಬಂದರೆ ಹಾಕಲ್ಲ. ಕಳಿಸುವ ಮೊದಲು ನನಗೊಮ್ಮೆ ತೋರಿಸಿ.